ಎಡ ಬೂಟಿನ ಅಟ್ಟೆ

ಜನವರಿ 12

ಅಣ್ಣಾ,

ಇಲ್ಲಿ ನಾನು, ಅಮ್ಮ, ಮತ್ತು ಹಳೆಯ ಸಂಚಿಕೆಗಳ ಮೂಲೆಯಲ್ಲಿ ಸಂಸಾರ ಹೂಡಿರುವ ಇಲಿ, ಮೂವರೂ ಆರೋಗ್ಯವಾಗಿದ್ದೇವೆ. ಫೋನಿನಲ್ಲಿ ಏನು ಕೇಳಿದರೂ ನೀನು ಹೂಂ ಅನ್ನುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಬರೀ ಹೂಂ ಎಂದು ಉತ್ತರ ಬರೆಯಲು ನಿನಗೂ ನಾಚಿಕೆಯಾದೀತು.

ವಿಷಯಕ್ಕೆ ಬರುತ್ತೇನೆ. ಸಿಡಿಲಣ್ಣನ ಸಿನಿಮಾಕ್ಕೆ ಬೂಟು ಮಾಡುತ್ತಿರುವವನು ನೀನೇ ಎಂದು ಅಮ್ಮ ಮೊನ್ನೆ ಬಾಯಿಬಿಟ್ಟಳು. ಸಿಡಿಲಣ್ಣನ ನೂರಾ ಹದಿನೆಂಟು ಕಾಮಿಕ್ಸ್ ಸಂಚಿಕೆಗಳನ್ನೂ ಕಪಾಟಿನಲ್ಲಿಟ್ಟುಕೊಂಡು, ಓದಲು ಬಾಡಿಗೆಗೆ ಕೊಟ್ಟು, ಹರಿದರೆ ಅಂಟಿಸಿ, ಅದರಲ್ಲೇ ಜೀವನ ಮಾಡುತ್ತಿರುವ ತಂಗಿಗೆ ಹೇಳಬೇಕೆಂದು ನಿನಗೆ ಅನ್ನಿಸಲಿಲ್ಲ. ಇರಲಿ, ಆ ಜಗಳ ಆಮೇಲೆ.

ಪೋಸ್ಟರ್ ನೋಡಿದೆ. ಹೆಸರಿನಿಂದ ಅಣ್ಣನನ್ನು ಕಿತ್ತು ಬರೀ ‘ಸಿಡಿಲ್’ ಮಾಡಿದ್ದಾರೆ. ಹಳದಿ ಮುಖವಾಡ ಬೂದಿ ಬಣ್ಣಕ್ಕೆ ತಿರುಗಿದೆ. ಅದನ್ನೂ ನುಂಗಿಕೊಂಡೆ. ಆದರೆ ಎರಡು ಬೂಟೂ ಒಂದೇ ಸಮ ಇವೆ. ಇದನ್ನು ನುಂಗಲಾರೆ. ಒಂದನೇ ಸಂಚಿಕೆಯಿಂದ ಕೊನೆಯದರವರೆಗೆ ಪ್ರತಿ ಚಿತ್ರದಲ್ಲೂ ಅವನ ಎಡ ಬೂಟಿನ ಅಟ್ಟೆ ಬಲದ್ದಕ್ಕಿಂತ ಎರಡು ಪಟ್ಟು ದಪ್ಪ. ಯಾಕೆಂದು ಎಲ್ಲೂ ಹೇಳಿಲ್ಲ. ನನಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಏಳನೇ ವಯಸ್ಸಿನಲ್ಲಿ ಮುರಿದ ನನ್ನ ಎಡಗಾಲು ಒಂದಂಗುಲ ಗಿಡ್ಡವಾಗಿ ಕೂಡಿಕೊಂಡು, ದಪ್ಪ ಅಟ್ಟೆಯ ಮೊದಲ ಶೂ ಹಾಕಿಕೊಂಡು ಮನೆಗೆ ಬಂದ ದಿನ ಪುಸ್ತಕ ತೆರೆದು ನೋಡಿದೆ. ಅವನೂ ನನ್ನಂಥವನೇ ಎಂದು ಅವತ್ತೇ ಗೊತ್ತಾಯಿತು.

ಆದ್ದರಿಂದ ಒಂದು ಅರ್ಜಿ ಬರೆದು ಅಂಗಡಿಯ ಮೇಜಿನ ಮೇಲಿಟ್ಟಿದ್ದೇನೆ. ‘ಸಿಡಿಲಣ್ಣನ ಒಂದು ಕಾಲು ಗಿಡ್ಡ. ಸಿನಿಮಾದಲ್ಲೂ ಹಾಗೇ ಇರಬೇಕು.’ ಇಷ್ಟೇ. ಇವತ್ತಿಗೆ ನೂರಾ ಮೂವತ್ತು ಸಹಿ ಬಿದ್ದಿವೆ. ಭಾನುವಾರ ಅಂಗಡಿಯ ಬೆಂಚಿನ ಮೇಲೆ ದೊಡ್ಡ ಕದನವೇ ನಡೆಯಿತು. ಎದುರು ಬೀದಿಯ ಹಲ್ಲಿನ ಡಾಕ್ಟರು ಪುಸ್ತಕದ ಒಂದು ಗೆರೆಯೂ ಬದಲಾಗಕೂಡದು ಎನ್ನುವವರು. ಮುಖವಾಡದ ಬಣ್ಣ ಹೋದದ್ದಕ್ಕೆ ಮನೆಯಲ್ಲಿ ಸಾವಾದವರಂತೆ ಕೂತಿದ್ದರು. ಬಸ್ ಕಂಡಕ್ಟರು ಅವರ ಕಾಲೆಳೆದರು. ಪುಸ್ತಕದಲ್ಲಿದ್ದ ಹಾಗೇ ತೆಗೆಯುವುದಾದರೆ ಸಿನಿಮಾ ಯಾಕೆ, ಪುಟ ಜೋರಾಗಿ ತಿರುಗಿಸಿದರೆ ಸಾಕಲ್ಲ ಎಂದರು. ಆಮೇಲೆ ಇಬ್ಬರೂ ಸಹಿ ಹಾಕಿದರು. ಡಾಕ್ಟರು ಸಹಿ ಹಾಕಿದ್ದು ಮೂಲ ಉಳಿಯಲಿ ಎಂದು. ಕಂಡಕ್ಟರು ಹಾಕಿದ್ದು ಡಾಕ್ಟರು ಹಾಕಿದರೆಂದು.

ಅರ್ಜಿಯ ಪ್ರತಿ ಇದರ ಜೊತೆಗಿದೆ. ನಿರ್ದೇಶಕರಿಗೆ ತೋರಿಸು. ನೀನು ತೋರಿಸದಿದ್ದರೆ ನಾನೇ ಬಂದು ಸ್ಟುಡಿಯೋ ಗೇಟಿನ ಮುಂದೆ ಕೂರುತ್ತೇನೆ. ಕೂರುವವಳು ಹೌದೋ ಅಲ್ಲವೋ ನಿನಗೆ ಗೊತ್ತು.

ನಿನ್ನ ತಂಗಿ


ಫೆಬ್ರವರಿ 2

ಹಟಮಾರಿಗೆ,

ಹೂಂ.

ತಮಾಷೆಗೆ ಬರೆದೆ. ಸಿಟ್ಟು ಮಾಡಿಕೊಳ್ಳಬೇಡ. ಇಲ್ಲಿ ಗೇಟಿನಲ್ಲೇ ಫೋನು ಕಸಿದುಕೊಳ್ಳುತ್ತಾರೆ, ಹಾಗಾಗಿ ಕಾಗದವೇ ವಾಸಿ. ಇದರಲ್ಲಿ ಬರೆದದ್ದು ನಿನ್ನ ಬೆಂಚಿನವರ ಕಿವಿಗೆ ಬೀಳಬಾರದು.

ಅರ್ಜಿ ತೋರಿಸಿದೆ. ಹತ್ತನೇ ಸಂಚಿಕೆಯ ಒಂದು ಪುಟವನ್ನೂ ತೋರಿಸಿದೆ. ನಿರ್ದೇಶಕರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಯಾರೂ ತಮಗೆ ಹೇಳಿರಲಿಲ್ಲ ಎಂದರು. ಒಂದು ಜೊತೆ ಮಾಡಿ ನೋಡೋಣ ಎಂದರು. ನಾಲ್ಕು ದಿನ ಕೂತು ಮಾಡಿದೆ. ಎಡದ ಅಟ್ಟೆಗೆ ಬೆಂಡಿನ ಪದರ ಕೊಟ್ಟು, ಮೇಲೆ ಚರ್ಮ ಸುತ್ತಿ, ಪುಸ್ತಕದಲ್ಲಿದ್ದಷ್ಟೇ ದಪ್ಪಕ್ಕೆ ತಂದೆ. ಕೆಲಸ ಚೆನ್ನಾಗಿ ಬಂತು, ನಾನೇ ಹೇಳಿಕೊಳ್ಳಬಾರದು.

ನಾಯಕ ಹಾಕಿಕೊಂಡು ಆ ಕಡೆಯಿಂದ ಈ ಕಡೆಗೆ ನಡೆದ. ಅವನ ಕಾಲುಗಳು ಸಮ, ಬೂಟು ಅಸಮ, ಹಾಗಾಗಿ ಕುಂಟಿದ. ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು, ಸುಳ್ಳಲ್ಲ. ತಾವು ಹುಡುಕುತ್ತಿದ್ದದ್ದು ಇದನ್ನೇ ಎಂದರು. ಈಗ ಕಥೆಯನ್ನೇ ತಿದ್ದುತ್ತಿದ್ದಾರೆ. ಸಿಡಿಲಣ್ಣ ಮೊದಲಿನಿಂದ ಕುಂಟುತ್ತಾನೆ, ಊರು ನಗುತ್ತದೆ, ಒಬ್ಬನೇ ಕೂತು ಅಳುತ್ತಾನೆ. ಕೊನೆಗೆ ಸಿಡಿಲು ಬಡಿದು ಕಾಲು ಸರಿಯಾಗುತ್ತದೆ. ದಪ್ಪ ಬೂಟನ್ನು ಕಿತ್ತು ನದಿಗೆ ಎಸೆಯುತ್ತಾನೆ. ಅಲ್ಲಿಗೆ ಮುಗಿಯುತ್ತದೆ.

ನಿನ್ನ ಅರ್ಜಿ ಗೆದ್ದಿತು. ಅಮ್ಮನಿಗೆ ಹೇಳು. ನಿನ್ನ ಹೊಸ ಶೂ ಮುಂದಿನ ತಿಂಗಳು ಕಳಿಸುತ್ತೇನೆ.

ಅಣ್ಣ


ಫೆಬ್ರವರಿ 9

ಅಣ್ಣಾ,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲು ಎಳೆದುಕೊಂಡೆ. ನಡುಮಧ್ಯಾಹ್ನ, ಗಿರಾಕಿಗಳು ಹೊರಗೆ ನಿಂತಿದ್ದರು. ನಿಲ್ಲಲಿ ಎಂದುಕೊಂಡೆ.

ನಾನು ಕುಂಟುತ್ತೇನೆಯೇ? ಈ ಪ್ರಶ್ನೆಗೆ ಯೋಚಿಸಿ ಉತ್ತರ ಕೊಡು. ಶೂ ಹಾಕಿಕೊಂಡು ದಿನಕ್ಕೆ ನಲವತ್ತು ಸಲ ಏಣಿ ಹತ್ತಿ ಇಳಿಯುತ್ತೇನೆ. ನಾಲ್ಕು ವರ್ಷದಿಂದ ವಾರವಾರ ಬರುವ ಕಂಡಕ್ಟರಿಗೆ ನನ್ನ ಕಾಲಿನ ವಿಷಯ ತಿಳಿದದ್ದು ಹೋದ ತಿಂಗಳು. ಅದೂ ನಾನೇ ಹೇಳಿದ್ದರಿಂದ. ಸಿಡಿಲಣ್ಣನ ನೂರಾ ಹದಿನೆಂಟು ಸಂಚಿಕೆಗಳಲ್ಲಿ ಅವನು ಕುಂಟುವ ಒಂದೇ ಒಂದು ಚಿತ್ರ ತೋರಿಸು, ಅರ್ಜಿ ಹರಿದು ಹಾಕುತ್ತೇನೆ. ಅವನು ಗೋಡೆಯ ಅಂಚಿನ ಮೇಲೆ ನೆಟ್ಟಗೆ ನಡೆಯುತ್ತಾನೆ. ಆ ಬೂಟು ಇರುವುದೇ ಅದಕ್ಕೆ. ಕುಂಟದೆ ಇರಲಿಕ್ಕೆ ದಪ್ಪ ಅಟ್ಟೆ ಕಣೋ, ಕುಂಟಲಿಕ್ಕಲ್ಲ. ಲೋಕದಲ್ಲಿ ಯಾರಿಗೆ ಇದು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಆ ಅಟ್ಟೆಯನ್ನು ಹೊಲಿಯುವ ನಿನಗೆ ಗೊತ್ತಿಲ್ಲವೆಂದರೆ ಹೇಗೆ?

ಹೆಸರು ಎತ್ತದೆ, ಹೀಗೊಂದು ಸಿನಿಮಾ ಬಂದರೆ ಎಂದು ಬೆಂಚಿನವರನ್ನು ಕೇಳಿದೆ. ಪುಸ್ತಕದ ಬೂಟು ಸಿನಿಮಾದಲ್ಲೂ ಇದ್ದರೆ ಮೂಲಕ್ಕೆ ನಿಷ್ಠೆ ಉಳಿಯಿತು ಎಂದು ಡಾಕ್ಟರು ಹೇಳಿದರು. ಕಂಡಕ್ಟರು ಅಂದರು, ‘‘ಬೂಟನ್ನ ಕರ್ಕೊಂಡು ಬಂದ್ರು, ಮನುಷ್ಯನ್ನ ಅಲ್ಲೇ ಬಿಟ್ಟು ಬಂದ್ರು.’’ ಅವರ ಮುಂದಿನ ಒಂದು ತಿಂಗಳ ಬಾಡಿಗೆ ಮಾಫಿ ಮಾಡಿದೆ.

ನಿನ್ನ ತಪ್ಪಿಗೆ ಕಾರಣವನ್ನೂ ನಾನೇ ಹೇಳುತ್ತೇನೆ. ನೀನು ನಾನು ನಡೆಯುವುದನ್ನು ನೋಡಿಯೇ ಇಲ್ಲ. ವರ್ಷಕ್ಕೊಮ್ಮೆ ಬರುತ್ತೀಯ, ಶೂ ಡಬ್ಬಿ ಮೇಜಿನ ಮೇಲಿಡುತ್ತೀಯ, ನಾನು ಹಾಕಿಕೊಂಡು ಎದ್ದರೆ ಕಿಟಕಿಯ ಕಡೆಗೆ ತಿರುಗುತ್ತೀಯ. ಆ ಕಿಟಕಿಯಲ್ಲಿ ಪಕ್ಕದ ಮನೆಯ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ನೀನು ಇಂದಿಗೂ ಬಳಸುವ ಮರದ ಅಚ್ಚು ನನ್ನ ಹತ್ತೊಂಬತ್ತನೇ ವಯಸ್ಸಿನ ಕಾಲಿನದು. ಹದಿನೇಳು ವರ್ಷವಾಯಿತು, ಮತ್ತೆ ಅಳತೆ ತೆಗೆದಿಲ್ಲ. ಎಂಟು ವರ್ಷದಿಂದ ಎಡ ಶೂ ಒಳಗೆ ಹರಿದ ಮುಖಪುಟದ ರಟ್ಟನ್ನು ನಾಲ್ಕು ಪದರ ಮಡಚಿ ಇಟ್ಟುಕೊಳ್ಳುತ್ತಿದ್ದೇನೆ. ನಿನಗೆ ಬೇಜಾರಾದೀತೆಂದು ಹೇಳಿರಲಿಲ್ಲ. ಈಗ ಬೇಜಾರಾಗಲಿ.

ಹೊಸ ಶೂ ಕಳಿಸಬೇಡ. ಮೊದಲು ಆ ನದಿಗೆ ಎಸೆದ ಬೂಟನ್ನು ವಾಪಸ್ ತೆಗೆಸು.

ತಂಗಿ


ಮಾರ್ಚ್ 21

ಅಣ್ಣಾ,

ನೀನು ಬರೆದಿಲ್ಲ. ಬರೆಯದಿದ್ದರೂ ಇದನ್ನು ನಿನಗೆ ಹೇಳಲೇಬೇಕು.

ಸಿಡಿಲಣ್ಣನ ಚಿತ್ರ ಬರೆದ ಹಿರಿಯರ ವಿಳಾಸ ಹುಡುಕಿ ಅವರಿಗೆ ಕಾಗದ ಹಾಕಿದ್ದೆ. ಅವನ ಕಾಲು ಗಿಡ್ಡ ಎಂದು ನೀವೇ ಎರಡು ಸಾಲು ಬರೆದುಕೊಟ್ಟರೆ ನಿರ್ದೇಶಕರು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಬೇಡಿದ್ದೆ. ಉತ್ತರ ಬಂತು. ಅಕ್ಷರ ನಡುಗುತ್ತಿವೆ, ಮಾತು ಮಾತ್ರ ಖಚಿತ. ಮೊದಲ ಸಂಚಿಕೆ ಅಚ್ಚಿಗೆ ಹೋಗುವ ದಿನ ಎಡ ಬೂಟಿನ ಬುಡದಲ್ಲಿ ಮಸಿ ಚೆಲ್ಲಿತಂತೆ. ಹೊಸದಾಗಿ ಬರೆಯಲು ಹೊತ್ತಿರಲಿಲ್ಲ, ಚೆಲ್ಲಿದ ಮಸಿಯನ್ನೇ ಅಟ್ಟೆ ಮಾಡಿದರಂತೆ. ಎರಡನೇ ಸಂಚಿಕೆಗೆ ತೆಗೆದುಬಿಡೋಣ ಎಂದುಕೊಂಡು ಬರೆದು ನೋಡಿದರೆ ಅದಿಲ್ಲದೆ ಅವನು ಕಾಗದದ ಮೇಲೆ ಸರಿಯಾಗಿ ನಿಲ್ಲುತ್ತಿರಲಿಲ್ಲವಂತೆ. ಅದಕ್ಕೆ ಉಳಿಸಿಕೊಂಡರು. ಗಿಡ್ಡ ಕಾಲು ಎಂದು ತಮಗೆ ಯಾವತ್ತೂ ಹೊಳೆದಿರಲಿಲ್ಲ, ಕ್ಷಮಿಸಮ್ಮ ಎಂದು ಬರೆದಿದ್ದಾರೆ.

ಅಣ್ಣಾ, ನಾನು ಅತ್ತೆ. ಇಪ್ಪತ್ತೊಂಬತ್ತು ವರ್ಷ ಒಬ್ಬ ಜೊತೆಗಾರ ಇದ್ದಾನೆಂದುಕೊಂಡಿದ್ದೆ. ನೋಡಿದರೆ ಮಸಿ.

ಆ ಕಾಗದವನ್ನು ಒಲೆಗೆ ಹಾಕಿ, ಯಾರಿಗೆ ಗೊತ್ತಾಗುತ್ತದೆ ಎಂದರು ಕಂಡಕ್ಟರು. ನಾನು ಅದನ್ನು ಅಂಗಡಿಯ ಗಾಜಿಗೆ, ಅರ್ಜಿಯ ಪಕ್ಕದಲ್ಲೇ ಅಂಟಿಸಿದೆ. ನಾನೂರ ಹನ್ನೆರಡು ಸಹಿಗಳಲ್ಲಿ ಐವತ್ತೇಳು ಜನ ಬಂದು ತಮ್ಮದನ್ನು ಹೊಡೆದುಹಾಕಿಸಿದರು. ಮೊದಲು ಬಂದವರು ಡಾಕ್ಟರು. ತಪ್ಪಿಗೆ ಸಹಿ ಹಾಕುವುದಿಲ್ಲ ಎಂದರು. ಅವರ ಮೇಲೆ ಸಿಟ್ಟಿಲ್ಲ. ಅವರು ಮೂಲಕ್ಕೆ ನಿಷ್ಠರು, ಮೂಲದಲ್ಲಿ ಮಸಿಯಿತ್ತು.

ಎರಡು ದಿನ ಯೋಚಿಸಿದೆ. ನನ್ನ ಕಾಲನ್ನೂ ಯಾರೂ ಹೀಗಿರಲಿ ಎಂದು ಮಾಡಿದ್ದಲ್ಲ. ಮೂಳೆ ಕೂಡಿಸಿದವನ ಅವಸರವೋ, ಕಟ್ಟು ಸಡಿಲವಾಗಿತ್ತೋ, ಅಂತೂ ತಪ್ಪಾಯಿತು. ತಪ್ಪಾದ ಮೇಲೆ ಅದರ ಮೇಲೆಯೇ ನಡೆಯುವುದನ್ನು ಕಲಿತೆ. ಅವರೂ ಮಸಿಯನ್ನು ಒರೆಸಬಹುದಿತ್ತು. ಒರೆಸದೆ ನೂರಾ ಹದಿನೆಂಟು ಸಲ ಕೈಯಾರೆ ಬರೆದರು. ಹಾಗೆ ಬರೆದ ಮೇಲೆ ಅದು ಮಸಿಯಲ್ಲ, ಅವನ ಕಾಲು. ಅರ್ಜಿಯನ್ನು ಹೊಸದಾಗಿ ಬರೆದಿದ್ದೇನೆ, ಪ್ರತಿ ಇದರ ಜೊತೆಗಿದೆ. ‘ಅವನ ಬೂಟು ಒಂದು ತಪ್ಪಿನಿಂದ ಹುಟ್ಟಿತು. ಆದರೂ ಅವನು ನೆಟ್ಟಗೆ ನಡೆದ. ಸಿನಿಮಾದಲ್ಲೂ ನೆಟ್ಟಗೆ ನಡೆಯಬೇಕು.’ ಇದಕ್ಕೆ ಸಹಿ ಸೊನ್ನೆಯಿಂದ ಶುರು. ಮೊದಲನೆಯದು ಕಂಡಕ್ಟರದು, ಈ ಸಲ ಸ್ವಂತ ಇಷ್ಟದಿಂದ.

ಅಮ್ಮ ನಿನ್ನನ್ನು ಕೇಳಿದಳು. ಕೆಲಸ ಜಾಸ್ತಿ ಎಂದು ಸುಳ್ಳು ಹೇಳಿದ್ದೇನೆ.

ತಂಗಿ


ಏಪ್ರಿಲ್ 8

ಹಟಮಾರಿಗೆ,

ರಟ್ಟಿನ ವಿಷಯ ಓದಿದ ಮೇಲೆ ಒಂದು ವಾರ ಉಳಿ ಹಿಡಿಯಲಾಗಲಿಲ್ಲ. ಬರೆಯುವುದಂತೂ ದೂರದ ಮಾತು.

ಹೋದ ತಿಂಗಳು ತೊಟ್ಟಿಯ ಮೇಲಿಂದ ಹಾರುವ ದೃಶ್ಯದ ತಾಲೀಮು ಇತ್ತು. ನಾಯಕನ ಬದಲು ಹಾರುವವನು ಬೇರೆ, ಕಟ್ಟುಮಸ್ತಾದ ಆಳು, ಕೆಳಗೆ ದಪ್ಪ ಹಾಸಿಗೆ. ನಾನು ಮಾಡಿದ ಬೂಟು ಹಾಕಿಕೊಂಡು ಅರ್ಧ ಎತ್ತರದಿಂದ ಹಾರಿದ. ಅಟ್ಟೆ ಅಸಮ ನೋಡು, ಎಡಗಾಲು ಮೊದಲು ನೆಲ ಮುಟ್ಟಿ ಪಾದ ಹೊರಳಿತು. ದೊಡ್ಡ ಪೆಟ್ಟೇನಲ್ಲ, ನಾಲ್ಕು ದಿನಕ್ಕೆ ಸರಿಹೋದ. ಆದರೆ ಅವನು ಗಾಳಿಯಲ್ಲಿದ್ದಾಗ ನನ್ನ ಎರಡೂ ಕೈ ತಾವಾಗೇ ಮೇಲೆದ್ದಿದ್ದವು. ಹಾಸಿಗೆಯಿಂದ ಇಪ್ಪತ್ತು ಹೆಜ್ಜೆ ದೂರ ನಿಂತಿದ್ದೆ. ಪಕ್ಕದವರು ನಕ್ಕರು.

ಅವತ್ತು ನಮ್ಮ ನೀರಿನ ತೊಟ್ಟಿಯ ಗೋಡೆ ಮೇಲೆ ನೀನು ನಿಂತಿದ್ದೆ. ಹಾರು, ಹಿಡ್ಕೋತೀನಿ ಎಂದೆ. ನನಗೆ ಹತ್ತು ವರ್ಷ. ಬಲಗೈಯಲ್ಲಿ ಆರನೇ ಸಂಚಿಕೆ ಇತ್ತು, ಹೊಚ್ಚ ಹೊಸದು. ಕೆಳಗೆ ಕೆಸರು. ಪುಸ್ತಕ ಬಿಡಲಿಲ್ಲ. ಒಂದೇ ಕೈ ಚಾಚಿದೆ. ಎರಡು ಕೈ ಚಾಚಿದೆ, ಜಾರಿತು ಎಂದು ಅಮ್ಮನಿಗೆ ಹೇಳಿದ್ದೇನೆ. ಎಲ್ಲರಿಗೂ ಹಾಗೇ ಹೇಳಿದ್ದೇನೆ. ನಿನ್ನ ಕಾಲು ನೋಡಿದರೆ ಆ ಪುಸ್ತಕ ನೆನಪಾಗುತ್ತದೆ. ಅದಕ್ಕೇ ಕಿಟಕಿ. ಅದಕ್ಕೇ ಹಳೆಯ ಅಚ್ಚು. ಬೇರೆ ಕಾರಣವಿಲ್ಲ.

ಈಗ ಕೆಲಸದ ಮಾತು. ಪಾದ ಹೊರಳಿದ ಮೇಲೆ ನಿರ್ದೇಶಕರು ದಪ್ಪ ಅಟ್ಟೆಯೇ ಬೇಡ, ನಾಯಕ ಸುಮ್ಮನೆ ಕುಂಟುವಂತೆ ನಟಿಸಲಿ ಎಂದರು. ಮೂರು ದಿನ ಕೇಳಿಕೊಂಡೆ. ಎಡ ಬೂಟನ್ನು ಹೊರಗೆ ದಪ್ಪವಾಗಿಯೇ ಇಟ್ಟು, ಒಳಗಿನಿಂದ ಅಟ್ಟೆಯನ್ನು ತೋಡಿದೆ. ಪಾದ ಆ ಕುಳಿಯೊಳಗೆ ಇಳಿದು ಕೂರುತ್ತದೆ. ಹೊರಗಿನಿಂದ ಒಂದು ಬೂಟು ದಪ್ಪ, ಒಂದು ತೆಳು. ಒಳಗೆ ಎರಡು ಪಾದವೂ ಸಮ. ನಾಯಕ ಹಾಕಿಕೊಂಡು ನೆಟ್ಟಗೆ ನಡೆದ. ಹಾರುವವನು ಪೂರ್ತಿ ಎತ್ತರದಿಂದ ಹಾರಿ ಎರಡೂ ಕಾಲ ಮೇಲೆ ಇಳಿದ.

ನಿರ್ದೇಶಕರ ಮುಖ ಬಾಡಿತು. ನನ್ನ ಕುಂಟು ಎಲ್ಲಿ ಎಂದು ಕೇಳಿದರು. ಸೆಟ್ಟಿನಲ್ಲಿ ಎಲ್ಲರೂ ಇದ್ದರು. ನಾನು ಅಂದೆ, ‘‘ಈ ಬೂಟು ಹಾಕೋರು ಕುಂಟಲ್ಲ ಸಾರ್. ಹದಿನೇಳು ವರ್ಷದಿಂದ ನನ್ನ ತಂಗಿಗೆ ಮಾಡ್ತಾ ಇದೀನಿ, ನನಗೇ ಮೊನ್ನೆ ಗೊತ್ತಾಯ್ತು.’’ ಕುಂಟಲೇಬೇಕೆಂದರೆ ಬೇರೆ ಬೂಟಿನವನನ್ನು ನೋಡಿಕೊಳ್ಳಿ ಎಂದೂ ಹೇಳಿದೆ. ನಿನ್ನ ಹೊಸ ಅರ್ಜಿಯನ್ನು ಅವರ ಕುರ್ಚಿಯ ಮೇಲಿಟ್ಟು ಬಂದೆ. ಯೋಚಿಸುತ್ತೇನೆ ಎಂದಿದ್ದಾರೆ. ಏನಾಗುತ್ತದೋ ಗೊತ್ತಿಲ್ಲ. ಹಟ ನಿನ್ನ ಒಬ್ಬಳ ಸೊತ್ತು ಎಂದುಕೊಂಡಿದ್ದೆ.

ಪುಸ್ತಕದ ವಿಷಯ ಅಮ್ಮನಿಗೂ ಹೇಳಬಹುದು.

ಅಣ್ಣ


ಏಪ್ರಿಲ್ 15

ಅಣ್ಣಾ,

ನನಗೆ ಗೊತ್ತಿತ್ತು.

ನಾನು ಮೇಲಿದ್ದೆ, ನೀನು ಕೆಳಗಿದ್ದೆ. ಮೇಲಿನಿಂದ ಎಲ್ಲ ಕಾಣುತ್ತದೆ. ನಿನ್ನ ಕೈಯಲ್ಲಿ ಪುಸ್ತಕ ಕಂಡಿತು, ಕಂಡೂ ಹಾರಿದೆ. ಯಾರೂ ಹಿಡಿಯದಿದ್ದರೂ ಸಿಡಿಲಣ್ಣನ ಹಾಗೆ ಇಳಿಯಬಲ್ಲೆ ಎಂಬ ಕೊಬ್ಬು ನನಗೆ. ಅಮ್ಮ ಇಂದಿಗೂ ಎಲ್ಲರ ಹತ್ತಿರ ‘ಬಿದ್ದಳು’ ಎನ್ನುತ್ತಾಳೆ. ಬಿದ್ದದ್ದಲ್ಲ, ಹಾರಿದ್ದು. ಇಳಿದದ್ದು ಸರಿಯಾಗಲಿಲ್ಲ, ಅಷ್ಟೇ.

ಸಿಟ್ಟು ಬಂದಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಆಸ್ಪತ್ರೆಯಲ್ಲಿ ನೀನು ಪಕ್ಕದಲ್ಲಿ ಕೂತು ಆರನೇ ಸಂಚಿಕೆಯನ್ನು ನನಗೆ ಓದಿ ಹೇಳುತ್ತಿದ್ದೆ. ಅದನ್ನು ಕಿತ್ತು ನಿನ್ನ ಮುಖಕ್ಕೆ ಎಸೆಯಬೇಕು ಎನ್ನಿಸುತ್ತಿತ್ತು. ಕಥೆ ಮುಗಿಯಲಿ, ಆಮೇಲೆ ಎಸೆಯೋಣ ಎಂದು ಕಾದೆ. ಮುಗಿಯುವ ಹೊತ್ತಿಗೆ ಎಸೆಯಲು ಮನಸ್ಸಾಗಲಿಲ್ಲ. ಆ ಪುಸ್ತಕ ಅಂಗಡಿಯಲ್ಲಿದೆ, ಬಾಡಿಗೆಗೆ ಕೊಡುವುದಿಲ್ಲ. ಹತ್ತೊಂಬತ್ತನೇ ಪುಟದಲ್ಲಿ ನಿನ್ನ ಹೆಬ್ಬೆರಳು ಒತ್ತಿದ ಮಡಿಕೆ ಹಾಗೇ ಇದೆ.

ಆ ಸಿಟ್ಟು ಯಾವಾಗಲೋ ಹೋಯಿತು. ಕಿಟಕಿಯ ಸಿಟ್ಟು ಹೋಗಿಲ್ಲ. ಅದನ್ನು ಕಾಗದದಲ್ಲಿ ತೀರಿಸಲು ಆಗುವುದಿಲ್ಲ, ಅದಕ್ಕೆ ನೀನೇ ಬರಬೇಕು.

ಬೂಟಿನ ಒಳಗೆ ತೋಡಿದ ಉಪಾಯ ಭೇಷಾಗಿದೆ. ನಿರ್ದೇಶಕರನ್ನು ಬಿಡಬೇಡ. ಹೊಸ ಅರ್ಜಿಗೆ ಸಹಿ ಇನ್ನೂರು ದಾಟಿವೆ, ವಾರಕ್ಕೊಂದು ಹಾಳೆ ಕಳಿಸುತ್ತಿರುತ್ತೇನೆ.

ತಂಗಿ


ನವೆಂಬರ್ 3

ಅಣ್ಣಾ,

ಮೊದಲ ದಿನ, ಮೊದಲ ಆಟ. ನಾನು, ಅಮ್ಮ, ಕಂಡಕ್ಟರು, ಡಾಕ್ಟರು. ಕಂಡಕ್ಟರು ಅಭ್ಯಾಸಬಲದಿಂದ ಎಲ್ಲರ ಟಿಕೆಟ್ಟನ್ನೂ ತಾವೇ ಹಿಡಿದುಕೊಂಡಿದ್ದರು. ಕೊನೆಯಲ್ಲಿ ಏನು ಉಳಿಸಿದ್ದಾರೆಂದು ನೀನೂ ನೋಡಿಲ್ಲ ಎಂದಿದ್ದೆ. ಅದಕ್ಕೇ ಮನೆಗೆ ಬಂದವಳೇ ಬರೆಯುತ್ತಿದ್ದೇನೆ.

ಮುಖವಾಡ ಬೂದಿ ಬಣ್ಣದ್ದೇ. ಪುಸ್ತಕದಲ್ಲಿಲ್ಲದ ಒಬ್ಬ ಪ್ರೇಯಸಿ, ಅವಳಿಗೆ ಎರಡು ಹಾಡು. ಖಳನಾಯಕನನ್ನು ಸಿಡಿಲಣ್ಣನ ಚಿಕ್ಕಪ್ಪ ಮಾಡಿಬಿಟ್ಟಿದ್ದಾರೆ. ಡಾಕ್ಟರು ಅರ್ಧ ಸಿನಿಮಾ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು. ಊರು ನಗುವ ದೃಶ್ಯ ಒಂದು ಉಳಿದಿದೆ, ಅದು ನನಗೆ ಹಿಡಿಸಲಿಲ್ಲ. ಕೊನೆಯ ಭಾಗ ಬರುವಾಗ ಅಮ್ಮನ ಕೈ ಹಿಡಿದುಕೊಂಡೆ. ನದಿ ಬಂತು. ಅವನು ದಡಕ್ಕೆ ಬಂದು ನಿಂತ. ಬೂಟು ಕಾಲಲ್ಲೇ ಇತ್ತು. ಸೇತುವೆಯ ಅಂಚಿನ ಮೇಲೆ ಹತ್ತಿ ಹೊರಟ. ಒಂದು ಅಟ್ಟೆ ದಪ್ಪ, ಒಂದು ತೆಳು, ನಡಿಗೆ ನೆಟ್ಟಗೆ. ಹನ್ನೊಂದು ಹೆಜ್ಜೆ. ಎಣಿಸಿದೆ.

ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವನಿಗೆ ಹೇಳಿದ, ಒಂದು ಬೂಟು ದಪ್ಪ ಇದೆ ನೋಡು, ಮಾಡಿದವನು ಎಡವಟ್ಟು ಮಾಡಿದ್ದಾನೆ ಎಂದು. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ತಿರುಗಿದರು. ‘‘ಎಡವಟ್ಟಲ್ಲ ಕಣ್ರೀ, ಅವನು ಇರೋದೇ ಹಾಗೆ,’’ ಎಂದರು. ಹೊರಗೆ ಬಂದ ಮೇಲೆ ಹೊಸ ಅರ್ಜಿಗೆ ಸಹಿ ಹಾಕಬಹುದೇ ಎಂದು ಕೇಳಿದರು. ಇನ್ನು ಯಾಕೆ ಎಂದೆ. ಸುಮ್ಮನೆ, ಇರಲಿ ಎಂದರು. ಹಾಕಿಸಿಕೊಂಡೆ.

ಮನೆ ಬಾಗಿಲಲ್ಲಿ ಪಕ್ಕದ ಮನೆಯವರು ಸಿನಿಮಾ ಹೇಗಿತ್ತು ಎಂದು ಕೇಳಿದ್ದಕ್ಕೆ ಅಮ್ಮ, ನನ್ನ ಮಗಳೂ ಚಿಕ್ಕವಳಿದ್ದಾಗ ಹಾಗೇ ತೊಟ್ಟಿಯ ಮೇಲಿಂದ ಹಾರಿದ್ದಳು ಎಂದಳು.

ಬಾ. ಬರುವಾಗ ಅಳತೆಯ ಟೇಪು ತಾ.

ತಂಗಿ


ಡಿಸೆಂಬರ್ 19

ತಂಗೀ,

ಡಬ್ಬಿ ತಲುಪಿರಬೇಕು. ಹಳೆಯ ಅಚ್ಚನ್ನು ಬಿಸಾಡಿದೆ. ಹೊಸದನ್ನು ಹೋದ ತಿಂಗಳು ಬಂದಾಗ ತೆಗೆದ ಅಳತೆಗೆ ಕೊರೆದಿದ್ದೇನೆ. ಹಳೆಯದಕ್ಕೂ ಇದಕ್ಕೂ ಎಡಗಡೆ ನಿನ್ನ ನಾಲ್ಕು ಪದರ ರಟ್ಟಿನಷ್ಟೇ ವ್ಯತ್ಯಾಸ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಬೂಟಿನವನಾಗಿ ಹೊಟ್ಟೆಕಿಚ್ಚಾಯಿತು.

ಅವತ್ತು ಅಂಗಡಿಯಲ್ಲಿ ಟೇಪು ಹಿಡಿದು ನಿನ್ನ ಎರಡೂ ಪಾದ ಅಳೆದೆ. ಆಮೇಲೆ ಎದ್ದು ಕಪಾಟಿನಿಂದ ಬಾಗಿಲವರೆಗೆ ಹೋಗಿ ವಾಪಸ್ ಬಾ ಎಂದೆ. ಒಮ್ಮೆ ಸಾಕಾಗಲಿಲ್ಲ, ಮೂರು ಸಲ ನಡೆಸಿದೆ. ಅಳತೆಗೆ ಎಂದು ಹೇಳಿದ್ದು ಸುಳ್ಳು. ಅಳತೆ ಅಷ್ಟೊತ್ತಿಗೆ ಮುಗಿದಿತ್ತು. ಹದಿನೇಳು ವರ್ಷ ನಿನಗೆ ಶೂ ಮಾಡಿದ್ದೇನೆ, ನೀನು ನಡೆಯುವುದನ್ನು ಅವತ್ತೇ ನೋಡಿದ್ದು.

ಇದರೊಳಗೆ ರಟ್ಟು ಇಡಬೇಡ. ಇಡಬೇಕು ಅನ್ನಿಸಿದರೆ ಬರೆ, ಮತ್ತೆ ಅಳತೆ ತೆಗೆಯಲು ಬರುತ್ತೇನೆ.

ಅಣ್ಣ